ಮೂರನೆಯ ಕಲ್ಲು

ಲೋಕದಲ್ಲಿ ಗುಂಡಗಿರುವ ವಸ್ತುಗಳಿಗೆ ಬರವಿಲ್ಲ. ಹಣ್ಣು ಗುಂಡಗಿದೆ, ಎಲೆಯ ಮೇಲಿನ ಹನಿ ಗುಂಡಗಿದೆ, ಹೊಳೆಯ ಕಲ್ಲು ಗುಂಡಗಿದೆ. ಕಡೆಗೆ ನಾವೆಲ್ಲ ನಿಂತಿರುವ ಭೂಮಿಯೇ ಗುಂಡಗಿದೆ. ಆದರೆ ಮಟ್ಟಸವಾದ ವಸ್ತುವೊಂದನ್ನು ತೋರಿಸು ಎಂದರೆ ಪ್ರಕೃತಿ ತಡವರಿಸುತ್ತದೆ. ಗಾಳಿಯಾಡದ ಹೊತ್ತಿನಲ್ಲಿ ಕೆರೆಯ ನೀರನ್ನು ತೋರಿಸಬಹುದು. ಅದೂ ಭೂಮಿಯ ಬಾಗನ್ನೇ ಅನುಸರಿಸಿ ಬಾಗಿದೆಯೆಂದು ಶಾಲೆಯ ಹುಡುಗರು ಕೂಡ ತಕರಾರು ತೆಗೆದಾರು. ಅಭ್ರಕದ ಪದರವನ್ನೋ ಹರಳಿನ ಮುಖವನ್ನೋ ಬಿಟ್ಟರೆ, ಮಟ್ಟ ಎಂಬುದು ಬಹುಪಾಲು ಮನುಷ್ಯನ ಕೈ ಬೆವರು ಸುರಿಸಿ ಮಾಡಿದ ವಸ್ತು. ಗಾರೆಯವನ ಮಟ್ಟಗೋಲು, ಬಡಗಿಯ ತೋಪಡ, ಸಿಮೆಂಟಿನ ನೆಲದ ಮೇಲೆ ಮಂಡಿಯೂರಿ ಕರಣೆ ಆಡಿಸುವ ಮೇಸ್ತ್ರಿ, ಇವರೆಲ್ಲ ಇಲ್ಲದಿದ್ದರೆ ನಮ್ಮ ಊಟದ ಎಲೆಯ ಸಾರು ಯಾವ ಕಡೆಗೆ ಹರಿಯುತ್ತಿತ್ತೋ ಬಲ್ಲವರಾರು!

ನಮ್ಮ ಭಾಷೆ ಈ ಕಷ್ಟವನ್ನು ಚೆನ್ನಾಗಿ ಅರಿತಿದೆ. ಯಾರನ್ನಾದರೂ ಸೋಲಿಸಿ ಸುಮ್ಮನಾಗಿಸಿದರೆ ‘ಮಟ್ಟ ಹಾಕಿದ’ ಎನ್ನುತ್ತೇವೆ. ಎಂದರೆ, ಏರುತಗ್ಗುಗಳು ತಾವಾಗಿ ಮಟ್ಟಕ್ಕೆ ಬರುವುದಿಲ್ಲ, ಯಾರೋ ಬಲ ಪ್ರಯೋಗ ಮಾಡಬೇಕು ಎಂದರ್ಥ. ಆದರೆ ಬಲ ಒಂದೇ ಸಾಲದು, ಮಟ್ಟ ಯಾವುದೆಂದು ಗೊತ್ತಿರಬೇಕಲ್ಲ! ಅದನ್ನು ಗೊತ್ತುಮಾಡುವುದು ಹೇಗೆ? ಈ ಪ್ರಶ್ನೆ ಇಷ್ಟು ವಯಸ್ಸಾಗುವವರೆಗೆ ನನ್ನನ್ನು ಕಾಡಿರಲಿಲ್ಲ. ಕಾಡುವಂತೆ ಮಾಡಿದ್ದು ಒಂದು ಕಂಪ್ಯೂಟರು.

ಚಿಕ್ಕಯ್ಯನಛತ್ರ ನಂಜನಗೂಡು ತಾಲ್ಲೂಕಿನ ಒಂದು ಹೋಬಳಿ. ಹೆಸರಿನಲ್ಲಿ ಛತ್ರವಿದ್ದ ಮಾತ್ರಕ್ಕೆ ಏಪ್ರಿಲ್ ತಿಂಗಳ ಬಿಸಿಲು ಆ ಊರಿಗೆ ರಿಯಾಯಿತಿ ತೋರಿಸುವುದಿಲ್ಲ. ನನ್ನ ಅಕ್ಕನ ಮಗ ಅಲ್ಲೊಂದು ಶೀಟಿನ ಸೂರಿನ ಅಂಗಡಿ ಇಟ್ಟುಕೊಂಡಿದ್ದಾನೆ. ಹಗಲೆಲ್ಲ ಪಹಣಿ ತೆಗೆದುಕೊಡುವುದು, ಅರ್ಜಿ ತುಂಬುವುದು, ಲಗ್ನಪತ್ರಿಕೆ ಜೋಡಿಸುವುದು; ರಾತ್ರಿ ಮದುವೆಗಳ ವಿಡಿಯೋಗಳನ್ನು ಕತ್ತರಿಸಿ ಅಂಟಿಸಿ ಮೂರು ಗಂಟೆಯ ಚಿತ್ರ ಮಾಡಿಕೊಡುವುದು. ಹಗಲಿನ ಕೆಲಸದಿಂದ ಅಂಗಡಿಯ ಬಾಡಿಗೆ ಹುಟ್ಟುತ್ತದೆ, ರಾತ್ರಿಯ ಕೆಲಸದಿಂದ ಮನೆಯ ಊಟ. ತಾಯಿ ಕಟ್ಟಿದ ಚೀಟಿಯ ಹಣದಲ್ಲಿ ಕೊಂಡ ಯಂತ್ರ ಅವನದು. ಅದೂ ಯಾರೋ ಎರಡು ವರ್ಷ ಬಳಸಿ ಬಿಟ್ಟದ್ದು. ಲಗ್ನದ ಕಾಲ ಬಂದಿತೆಂದರೆ ಅವನಿಗೆ ಸುಗ್ಗಿ. ಆದರೆ ಲಗ್ನದ ಕಾಲವೂ ಬಿಸಿಲಿನ ಕಾಲವೂ ಒಟ್ಟಿಗೇ ಬರುವುದು ನಮ್ಮ ಪಂಚಾಂಗದ ವಿಧಿ. ಆ ವರ್ಷ ಯಂತ್ರ ನಡುರಾತ್ರಿಯಲ್ಲಿ ಮುಗ್ಗರಿಸತೊಡಗಿತು. ಒಂದು ರಾತ್ರಿಯಲ್ಲಿ ಮುಗಿಯಬೇಕಾದ ಕೆಲಸ ಎರಡು ರಾತ್ರಿ ಹಿಡಿಯಿತು. ಮೂರನೆಯ ರಾತ್ರಿ ಯಂತ್ರ ತಾನಾಗಿ ಆರಿಹೋಯಿತು. ಗಿರಾಕಿಗಳು ನಂಜನಗೂಡಿನ ಅಂಗಡಿಗಳ ಕಡೆಗೆ ನೋಡತೊಡಗಿದರು.

ಕಂಪ್ಯೂಟರಿನ ಎದೆಯಲ್ಲಿರುವ ಪ್ರೊಸೆಸರ್ ಎಂಬ ಬಿಲ್ಲೆಯ ಸ್ವಭಾವವೇ ಹಾಗೆ. ಶಾಖ 95ರಿಂದ 100 ಡಿಗ್ರಿಯ ಹತ್ತಿರಕ್ಕೆ ಏರಿತೆಂದರೆ ಅದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಅದಕ್ಕೂ ಬಗ್ಗದಿದ್ದರೆ ಕೆಲಸವನ್ನೇ ನಿಲ್ಲಿಸುತ್ತದೆ. ತಲೆ ಬಿಸಿಯಾದಾಗ ನಿಧಾನಿಸಬೇಕೆಂಬ ವಿವೇಕ ಮನುಷ್ಯರಲ್ಲಿ ಅಪರೂಪ. ಯಂತ್ರಕ್ಕೆ ಅದು ಹುಟ್ಟುಗುಣ. ಮೆಚ್ಚಬೇಕಾದ ಗುಣವೇ. ಆದರೆ ಬೆಳಗಾದರೆ ಬೀಗರು ಬಂದು ಬಾಗಿಲಲ್ಲಿ ನಿಲ್ಲುವವರಿದ್ದಾಗ ಈ ವಿವೇಕ ಯಾರಿಗೆ ಬೇಕು?

“ತೇಯ್ದುಬಿಡ್ತೀನಿ ಮಾವ” ಎಂದ ಹುಡುಗ, ನಾನು ಹೋಗಿದ್ದ ದಿನ.

“ಏನನ್ನೋ?”

“ಪ್ರೊಸೆಸರ್ನ. ಅದರ ಮೇಲ್ಗಡೆ ಮಟ್ಟ ಇಲ್ಲ. ಉಪ್ಪುಕಾಗದದಲ್ಲಿ ಉಜ್ಜಿ ಮಟ್ಟ ಮಾಡಿದ್ರೆ ತಣ್ಣಗಿರುತ್ತಂತೆ.”

ಬಿಸಿಯಾದ ವಸ್ತುವನ್ನು ಉಜ್ಜಿದರೆ ಇನ್ನಷ್ಟು ಬಿಸಿಯಾಗುತ್ತದೆಂದೇ ನಾನು ಕಲಿತದ್ದು. ಆದರೂ ಹುಡುಗನ ಮಾತು ಹುಚ್ಚುಮಾತಲ್ಲವೆಂದು ವಿಚಾರಿಸಿದ ಮೇಲೆ ತಿಳಿಯಿತು. ಪ್ರಪಂಚದ ನಾನಾ ಕಡೆ ಕಂಪ್ಯೂಟರಿನ ಹುಚ್ಚು ಹಿಡಿದ ಹುಡುಗರು ಇಪ್ಪತ್ತು ವರ್ಷಗಳಿಗೂ ಮೇಲಾಗಿ ಈ ಕೆಲಸ ಮಾಡುತ್ತ ಬಂದಿದ್ದಾರೆ.

ಓದುಗರು ತಮ್ಮ ಮನೆಯ ಇಸ್ತ್ರಿಪೆಟ್ಟಿಗೆಯನ್ನು ನೆನೆದುಕೊಳ್ಳಬೇಕು. ಅದು 1000 ವಾಟ್ ಶಾಖವನ್ನು ಸುಮಾರು 200 ಚದರ ಸೆಂಟಿಮೀಟರ್ ತಳದಲ್ಲಿ ಹರಡುತ್ತದೆ; ಚದರ ಸೆಂಟಿಮೀಟರಿಗೆ 5 ವಾಟ್. ಪ್ರೊಸೆಸರಿನೊಳಗಿನ ಸಿಲಿಕಾನ್ ಚೂರು ಹೆಚ್ಚೆಂದರೆ ಹೆಬ್ಬೆರಳಿನ ಉಗುರಿನಷ್ಟು. ಅದರಿಂದ 100 ವಾಟ್ ಹೊರಡುತ್ತದೆಂದರೆ, ಚದರ ಸೆಂಟಿಮೀಟರಿಗೆ 50 ವಾಟಿನ ಲೆಕ್ಕ. ಇಸ್ತ್ರಿಪೆಟ್ಟಿಗೆಯ ಹತ್ತರಷ್ಟು! ಈ ಉರಿಯನ್ನು ಹರಡುವುದಕ್ಕೆಂದೇ ಆ ಚೂರಿನ ಮೇಲೆ ತಾಮ್ರದ ಮುಚ್ಚಳವೊಂದನ್ನು ಕೂರಿಸಿ, ತಾಮ್ರ ಕಿಲುಬದಂತೆ ನಿಕ್ಕಲ್ ಲೇಪ ಕೊಟ್ಟಿರುತ್ತಾರೆ. ಮುಚ್ಚಳದ ಮೇಲೆ ಲೋಹದ ರೆಕ್ಕೆಗಳೂ ಫ್ಯಾನೂ ಇರುವ ಕೂಲರ್. ಒಳಗಿನ ಶಾಖ ಮುಚ್ಚಳಕ್ಕೆ, ಮುಚ್ಚಳದಿಂದ ಕೂಲರಿಗೆ, ಕೂಲರಿನಿಂದ ಗಾಳಿಗೆ, ಹೀಗೆ ಕೈಯಿಂದ ಕೈಗೆ ದಾಟಬೇಕು.

ದಾಟುವ ಜಾಗದಲ್ಲಿಯೇ ತೊಡಕಿರುವುದು. ಎರಡು ಲೋಹದ ಮುಖಗಳನ್ನು ಒತ್ತಿ ಕೂರಿಸಿದರೆ ಪೂರ್ತಿ ಅಂಟಿಕೊಂಡಿವೆಯೆಂದು ನಮ್ಮ ಕಣ್ಣು ತಿಳಿಯುತ್ತದೆ. ನಿಜವಾಗಿ ಅವು ಮುಟ್ಟುವುದು ಅಲ್ಲೊಂದು ಇಲ್ಲೊಂದು ದಿಣ್ಣೆಯಲ್ಲಿ ಮಾತ್ರ, ಉಳಿದೆಡೆ ಗಾಳಿ. ಶಾಖ ದಾಟಿಸುವುದರಲ್ಲಿ ಗಾಳಿಯಷ್ಟು ಸೋಮಾರಿ ಇನ್ನೊಬ್ಬನಿಲ್ಲ. ತಾಮ್ರದ ವಾಹಕಶಕ್ತಿಯ ಅಂಕ ಸುಮಾರು 400 ಆದರೆ ಗಾಳಿಯದು 0.026. ಐವತ್ತು ಮೈಕ್ರಾನ್, ಎಂದರೆ ತಲೆಗೂದಲಿಗಿಂತ ತೆಳುವಾದ ಗಾಳಿಯ ಪದರವೊಂದು 10 ಚದರ ಸೆಂಟಿಮೀಟರಿನ ಆ ಮುಚ್ಚಳದ ಮೇಲೆ ಪೂರ್ತಿ ಹಾಸಿಕೊಂಡಿದ್ದರೆ, 100 ವಾಟ್ ದಾಟಲು ಸುಮಾರು 190 ಡಿಗ್ರಿಗಳ ಅಂತರ ಬೇಕಾಗುತ್ತದೆ. ಎಷ್ಟು ದೊಡ್ಡ ಫ್ಯಾನು ಹಾಕಿದರೂ ಇದಕ್ಕೆ ಪರಿಹಾರವಿಲ್ಲ. ಕಬಿನಿ ನಾಲೆಯ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ: ತೂಬು ಕಟ್ಟಿಕೊಂಡಿದ್ದರೆ ಕೆಳಗಿನ ಕಾಲುವೆಯನ್ನು ಎಷ್ಟು ಅಗಲ ಮಾಡಿ ಏನು ಫಲ?

ಆದ್ದರಿಂದಲೇ ನಡುವೆ ಒಂದು ಬಗೆಯ ಪೇಸ್ಟನ್ನು ಹಚ್ಚುತ್ತಾರೆ. ನಂಜುಂಡೇಶ್ವರನ ಸೀಮೆಯವರಿಗೆ ಇದೂ ಹೊಸದಾಗಿ ಹೇಳಿಕೊಡಬೇಕಾದ ವಿದ್ಯೆಯಲ್ಲ. ವಿಷ ಕುಡಿದು ಕೊರಳುರಿಸಿಕೊಂಡವನ ಊರು ಅದು. ಉರಿಯಿದ್ದ ಕಡೆ ಗಂಧ ತೇಯ್ದು ಹಚ್ಚುವುದು ಅವರ ಅಜ್ಜಿಯರಿಗೆ ಗೊತ್ತು. ಗಂಧದಂತೆಯೇ ಈ ಪೇಸ್ಟನ್ನೂ ತೆಳ್ಳಗೆ ಹಚ್ಚಬೇಕು. ಅದರ ಅಂಕ 5ರಿಂದ 10ರ ಆಸುಪಾಸು. ಗಾಳಿಗಿಂತ ಇನ್ನೂರು ಮುನ್ನೂರು ಪಟ್ಟು ಮೇಲು, ಆದರೆ ತಾಮ್ರದ ಮುಂದೆ ಬಡಪಾಯಿ. ಗಾಳಿಯನ್ನು ಓಡಿಸುವುದಷ್ಟೇ ಅದರ ಕೆಲಸ. ಲೋಹ ಲೋಹವನ್ನು ಮುಟ್ಟುವ ಕಡೆ ಅದು ಅಡ್ಡ ಬರಬಾರದು. ಮುಖಗಳು ಮಟ್ಟವಾಗಿದ್ದಷ್ಟೂ ಪೇಸ್ಟು ತೆಳುವಾಗುತ್ತದೆ. ಹುಡುಗ ಉಜ್ಜಲು ಹೊರಟದ್ದು ಇದಕ್ಕಾಗಿ.

“ಇಷ್ಟೆಲ್ಲ ತಿಳಿದ ಕಂಪನಿಯವರು ತಾವೇ ಮಟ್ಟ ಮಾಡಿ ಕಳುಹಿಸಬಾರದೆ?” ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಲಕ್ಷಗಟ್ಟಲೆ ಮುಚ್ಚಳಗಳನ್ನು ಅಚ್ಚಿನಲ್ಲಿ ಒತ್ತಿ ತೆಗೆಯುವಾಗ ಒಂದೊಂದನ್ನೂ ತೇಯುತ್ತ ಕುಳಿತರೆ ವ್ಯಾಪಾರ ನಡೆಯದು. ಅವರು ಹೇಳಿದ ವೇಗದಲ್ಲಿ ಅದು ಓಡಿದರೆ ಅವರ ಮಾತು ನಡೆದಂತೆ. ಅದೂ ಅಲ್ಲದೆ ಮಟ್ಟವಾಗಿ ಹೊರಟದ್ದು ಮಟ್ಟವಾಗಿಯೇ ಉಳಿದೀತೆಂಬ ಭರವಸೆಯಿಲ್ಲ. 2021ರಲ್ಲಿ ಬಂದ ಇಂಟೆಲ್ ಕಂಪನಿಯ 12ನೆಯ ಪೀಳಿಗೆಯ ಪ್ರೊಸೆಸರುಗಳು ಉದ್ದನೆಯ ಆಕಾರದವು. ಅವನ್ನು ಹಿಡಿದಿಡುವ ಚಿಲಕ ನಡುವೆ ಎರಡೂ ಬದಿ ಅದುಮುತ್ತದೆ. ಅದುಮಿದ್ದರಿಂದ ಮುಚ್ಚಳ ಸ್ವಲ್ಪ ಬಾಗುತ್ತದೆ. ಇದರಿಂದ ಕೆಲಸವೇನೂ ಕೆಡದೆಂದು ಕಂಪನಿ ಹೇಳಿತು. ಆದರೂ ಚಿಲಕವನ್ನು ತೆಗೆದು ಸುತ್ತಲೂ ಸಮನಾಗಿ ಅದುಮುವ ಚೌಕಟ್ಟುಗಳನ್ನು ಕೊಂಡು ಹಾಕಿಕೊಂಡವರು ಬಹಳ ಮಂದಿ. ಕೂಲರ್ ಮಾಡುವ ಆಸ್ಟ್ರಿಯದ ನಾಕ್ಟುವ ಸಂಸ್ಥೆಯಂತೂ 2024ರಲ್ಲಿ ತನ್ನ ಒಂದು ದೊಡ್ಡ ಕೂಲರನ್ನು ಮೂರು ಬಗೆಯ ತಳಗಳೊಡನೆ ಮಾರುಕಟ್ಟೆಗೆ ತಂದಿತು: ಸಾಧಾರಣ ಉಬ್ಬು, ಹೆಚ್ಚು ಉಬ್ಬು, ಕಡಮೆ ಉಬ್ಬು. ಬಾಗಿದ ಮುಚ್ಚಳಕ್ಕೆ ಉಬ್ಬಿದ ತಳ, ಮಟ್ಟದ ಮುಚ್ಚಳಕ್ಕೆ ಮಟ್ಟದ ತಳ. ವಧೂವರರ ಎತ್ತರ ನೋಡಿ ಜೋಡಿ ಮಾಡಿದಂತೆ.

ಹುಡುಗನಿಗೆ ಹೊಳೆದದ್ದೂ ಇಂಥದೇ ಒಂದು ಉಪಾಯ. “ಪ್ರೊಸೆಸರನ್ನೂ ಕೂಲರನ್ನೂ ಒಂದಕ್ಕೊಂದು ಉಜ್ಜಿಬಿಟ್ಟರೆ ತಾವೇ ಹೊಂದಿಕೊಳ್ಳುತ್ತವಲ್ಲ?” ಎಂದ. ಕೇಳಿದರೆ ಸರಿಯೆನಿಸುವ ಮಾತು. ಅದಕ್ಕೆ ಉತ್ತರ ಕೊಟ್ಟವರು ಅಂಗಡಿಯ ಪಕ್ಕದ ಮನೆಯ ಯಜಮಾನರು. ಬೆಂಗಳೂರಿನ ಒಂದು ಯಂತ್ರದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಫಿಟ್ಟರಾಗಿದ್ದು ನಿವೃತ್ತರಾದವರು. ಸಂಜೆ ಪೇಪರು ಓದಲು ಅಂಗಡಿಗೆ ಬರುತ್ತಾರೆ. ಕಂಪ್ಯೂಟರ್ ಎಂದರೆ ಅವರಿಗೆ ದೂರ. ಆದರೆ ಉಜ್ಜುವುದು ಎಂಬ ಮಾತು ಕಿವಿಗೆ ಬಿದ್ದೊಡನೆ ಪೇಪರು ಮಡಿಸಿಟ್ಟರು.

“ಮರಿ, ನಿಮ್ಮವ್ವನ ಸಾಣೆಕಲ್ಲು ನೋಡಿದ್ದೀಯಾ?” ಎಂದು ಕೇಳಿದರು.

“ನೋಡಿದೀನಿ ತಾತ.”

“ಹೆಂಗದೆ?”

“ನಡುವೆ ಹಳ್ಳ ಬಿದ್ದದೆ.”

“ಗಂಧದ ಕೊರಡು?”

ಹುಡುಗ ಒಂದು ಕ್ಷಣ ಯೋಚಿಸಿದ. “ತುದಿ ಉಬ್ಬದೆ.”

“ಎರಡಕ್ಕೂ ಹೊಂದಾಣಿಕೆ ಹೆಂಗೆ? ನಡುವೆ ಕೂದಲು ತೂರೋಕೂ ಜಾಗ ಇಲ್ಲ. ಮಟ್ಟ ಅದ್ಯಾ? ಒಂದೂ ಇಲ್ಲ. ಎರಡು ಒಂದನ್ನೊಂದು ಉಜ್ಜಿದ್ರೆ ಒಗ್ಗತವೆ ಕನಪ್ಪ, ಮಟ್ಟ ಆಗಲ್ಲ. ಮಟ್ಟ ಆಗಬೇಕು ಅಂದ್ರೆ ಮೂರನೇದು ಬೇಕು.”

ನಾನು ಎಷ್ಟೋ ವರ್ಷಗಳಿಂದ ಆ ಸಾಣೆಕಲ್ಲನ್ನು ನೋಡಿದವನು. ಅದರ ಹಳ್ಳವನ್ನು ಸವೆತವೆಂದು ತಿಳಿದಿದ್ದೆನೇ ಹೊರತು ಅದರಲ್ಲಿ ಇಷ್ಟು ದೊಡ್ಡ ಪಾಠವಿದೆಯೆಂದು ಯಾರೂ ನನಗೆ ಹೇಳಿರಲಿಲ್ಲ. ಯಜಮಾನರು ಹೇಳಿದ ಮೂರನೆಯದರ ಕತೆಗೆ ದೊಡ್ಡ ಚರಿತ್ರೆಯೇ ಇದೆ. ಜೋಸೆಫ್ ವಿಟ್‌ವರ್ತ್ ಎಂಬ ಇಂಗ್ಲಿಷ್ ಯಂತ್ರಶಿಲ್ಪಿ 1840ರಲ್ಲಿ ಗ್ಲಾಸ್ಗೊ ನಗರದ ವಿದ್ವತ್ಸಭೆಯೊಂದರಲ್ಲಿ ನಿಜವಾದ ಸಮತಲವನ್ನು ಮಾಡುವ ಬಗೆಯ ಮೇಲೆ ಪ್ರಬಂಧ ಓದಿದ. ಲಂಡನ್ನಿನಲ್ಲಿ ಹೆನ್ರಿ ಮಾಡ್‌ಸ್ಲೆಯ ಕಾರ್ಯಾಗಾರದಲ್ಲಿ ಕೆಲಸ ಕಲಿತವನು ಅವನು. ಅವನ ಮುಂದಿದ್ದ ಪ್ರಶ್ನೆ ಇದು: ಒಂದು ಹಲಗೆ ಮಟ್ಟವಾಗಿದೆಯೇ ಎಂದು ಪರೀಕ್ಷಿಸಲು ಅದಕ್ಕಿಂತ ಮಟ್ಟವಾದ ಇನ್ನೊಂದು ಹಲಗೆ ಬೇಕು. ಆ ಇನ್ನೊಂದನ್ನು ಪರೀಕ್ಷಿಸಲು ಮತ್ತೊಂದು. ಹಾಗಾದರೆ ಲೋಕದ ಮೊಟ್ಟಮೊದಲ ಮಟ್ಟದ ಹಲಗೆ ಯಾವುದನ್ನು ನೋಡಿ ಮಟ್ಟವಾಯಿತು?

ಉತ್ತರ ಮಕ್ಕಳಾಟದಷ್ಟು ಸರಳ. ಮೂರು ಒರಟು ಹಲಗೆಗಳನ್ನು ತೆಗೆದುಕೊಳ್ಳಬೇಕು. ಮೊದಲನೆಯದನ್ನೂ ಎರಡನೆಯದನ್ನೂ ಹೊಂದಿಸಿದರೆ ಒಂದು ಉಬ್ಬಿ ಇನ್ನೊಂದು ತಗ್ಗಿ, ಸಾಣೆಕಲ್ಲೂ ಕೊರಡೂ ಹೊಂದಿಕೊಂಡಂತೆ, ನಮ್ಮನ್ನು ಮೋಸಗೊಳಿಸಬಹುದು. ಉಬ್ಬಿದ್ದು ಮೊದಲನೆಯದೆನ್ನೋಣ, ತಗ್ಗಿದ ಎರಡನೆಯದಕ್ಕೆ ಮೂರನೆಯದನ್ನು ಹೊಂದಿಸಿದರೆ ಮೂರನೆಯದೂ ಉಬ್ಬುತ್ತದೆ. ಈಗ ಉಬ್ಬಿದ ಮೊದಲನೆಯದನ್ನೂ ಉಬ್ಬಿದ ಮೂರನೆಯದನ್ನೂ ಎದುರುಬದುರು ಮಾಡಿ. ಎರಡೂ ಹೊಟ್ಟೆಯವು; ಹೊಂದುವುದಿಲ್ಲ; ಗುಟ್ಟು ರಟ್ಟಾಗುತ್ತದೆ. ಎದ್ದಿರುವುದನ್ನು ತೆಗೆದು ಮತ್ತೆ ಜೋಡಿ ಬದಲಿಸಬೇಕು, ಹಲಗೆಗಳನ್ನು ತಿರುಗಿಸಿ ತಿರುಗಿಸಿ ನೋಡಬೇಕು. ಮೂರರಲ್ಲಿ ಯಾವ ಎರಡನ್ನು ಜೋಡಿಸಿದರೂ ಹೊಂದುತ್ತವೆ ಎಂಬ ದಿನ ಬಂದಾಗ, ಮೂರೂ ಮಟ್ಟವಾಗಿರಲೇಬೇಕು. ಬೇರೆ ದಾರಿಯಿಲ್ಲ. ಮೂವರು ಸುಳ್ಳುಗಾರರನ್ನು ಎದುರುಬದುರು ಕೂರಿಸಿ ಸತ್ಯವನ್ನು ಹೊರಡಿಸಿದಂತೆ. ಎದ್ದ ಜಾಗವನ್ನು ಎಮೆರಿ ಪುಡಿಯಿಂದ ಉಜ್ಜದೆ, ಬಣ್ಣ ಹಚ್ಚಿ ಗುರುತಿಸಿ, ಉಳಿಯಿಂದ ಚೂರುಚೂರೇ ಕೆರೆದು ತೆಗೆಯಬೇಕೆಂದು ವಿಟ್‌ವರ್ತ್ ಒತ್ತಿ ಹೇಳಿದ. ನಮ್ಮ ಯಜಮಾನರು ಮೂವತ್ತು ವರ್ಷ ಮಾಡಿದ್ದೂ ಅದನ್ನೇ: ನೀಲಿ ಹಚ್ಚುವುದು, ಒತ್ತಿ ನೋಡುವುದು, ನೀಲಿ ಕಂಡಲ್ಲಿ ಕೆರೆಯುವುದು. ಯಂತ್ರ ಮಾಡುವ ಯಂತ್ರಗಳೆಲ್ಲ ಇಂಥ ಕೈಗಳಿಂದ ಹುಟ್ಟಿದವು.

ಅಣ್ಣತಮ್ಮಂದಿರ ಪಾಲುಪಾರೀಕತ್ತಿಗೆ ಮೂರನೆಯವನೊಬ್ಬನನ್ನು ಕರೆಯುವ ನಮ್ಮ ಹಳ್ಳಿಯ ರೂಢಿಯ ಹಿಂದೆಯೂ ಈ ಲೆಕ್ಕವೇ ಇರಬೇಕೆಂದು ನನಗೆ ತೋರುತ್ತದೆ. ಇಬ್ಬರೇ ಕೂತು ಬಗೆಹರಿಸಿಕೊಂಡರೆ ಒಬ್ಬ ಉಬ್ಬುತ್ತಾನೆ, ಒಬ್ಬ ತಗ್ಗುತ್ತಾನೆ. ಹೊರಗಿನಿಂದ ನೋಡುವವರಿಗೆ ‘ಎಷ್ಟು ಹೊಂದಾಣಿಕೆ!’ ಎನಿಸುತ್ತದೆ. ಅದಿರಲಿ.

ಯಜಮಾನರು ಕೆಲಸಕ್ಕೆ ಕೈ ಹಾಕುವ ಮೊದಲು ಎರಡು ಷರತ್ತು ಹಾಕಿದರು. ಮೊದಲನೆಯದು, ಎಲ್ಲವನ್ನೂ ಒಟ್ಟಿಗೆ ಮಾಡಕೂಡದು. ಒಂದು ಮಾಡಿ, ಶಾಖ ಅಳೆದು, ಆಮೇಲೆ ಇನ್ನೊಂದು. ಎರಡನೆಯದು, ಅಳೆಯುವುದು ದಿನವೂ ಅದೇ ಹೊತ್ತಿನಲ್ಲಿ, ಅದೇ ಚಿತ್ರವನ್ನು ಓಡಿಸಿ, ಕೋಣೆಯ ಶಾಖವನ್ನೂ ಪಕ್ಕದಲ್ಲಿ ಬರೆದಿಟ್ಟು. “ನೀನು ತೇಯ್ದ ದಿನ ಮಳೆ ಬಂದ್ರೆ, ತಂಪು ಮಳೇದೋ ನಿನ್ನದೋ ಹೆಂಗೆ ಗೊತ್ತಾಗದು?” ಎಂದರು.

ಮೊದಲ ರಾತ್ರಿ, ಏನೂ ಮಾಡದೆ ಅಳೆದಾಗ 96 ಡಿಗ್ರಿ. ಮಾರನೆಯ ದಿನ ಕೂಲರನ್ನು ಬಿಚ್ಚಿದರೆ ರೆಕ್ಕೆಗಳ ಸಂದಿಯಲ್ಲಿ ಹಾಸಿಗೆಗೆ ತುಂಬಬಹುದಾದಷ್ಟು ಧೂಳು. ಹಳೆಯ ಪೇಸ್ಟು ಒಣಗಿ ಗೋಡೆಯ ಸುಣ್ಣದಂತೆ ಉದುರುತ್ತಿತ್ತು. ಧೂಳು ತೆಗೆದು, ಸ್ಪಿರಿಟ್ಟಿನಲ್ಲಿ ಒರೆಸಿ, ಹೊಸ ಪೇಸ್ಟನ್ನು ತೆಳ್ಳಗೆ ಹಚ್ಚಿ ಕೂರಿಸಿದರು. ಆ ರಾತ್ರಿ 87. ಉಪ್ಪುಕಾಗದವನ್ನು ಮುಟ್ಟುವ ಮೊದಲೇ 9 ಡಿಗ್ರಿ ಇಳಿದಿತ್ತು.

“ಸಾಕಲ್ಲವೇನೋ?” ಎಂದೆ ನಾನು. ಆದರೆ ಮೇ ತಿಂಗಳು ಇನ್ನೂ ಮುಂದಿತ್ತು. ಶೀಟಿನ ಸೂರು ಇನ್ನೂ ಕಾಯುವುದಿತ್ತು. ಹುಡುಗ ಕ್ಷೌರದ ಬ್ಲೇಡನ್ನು ಮುಚ್ಚಳದ ಮೇಲೆ ನೆಟ್ಟಗೆ ನಿಲ್ಲಿಸಿ ದೀಪಕ್ಕೆ ಹಿಡಿದು ತೋರಿಸಿದ. ಅಂಚಿನಲ್ಲಿ ಬೆಳಕಿಲ್ಲ, ನಡುವೆ ಕೂದಲೆಳೆಯಷ್ಟು ಬೆಳಕು. ಹಳ್ಳ! ಶಾಖ ಹುಟ್ಟುವ ನಡುಮಧ್ಯದಲ್ಲಿಯೇ ಹಳ್ಳ. ಯಜಮಾನರು ಕನ್ನಡಕ ಏರಿಸಿಕೊಂಡು ನೋಡಿ, “ಉಜ್ಜು” ಎಂದರು.

ಆ ಬಿಲ್ಲೆ ಬಿದ್ದು ಕೆಟ್ಟರೆ ಆ ವರ್ಷದ ಲಗ್ನದ ದುಡ್ಡು ಅದರ ಜೊತೆಗೇ ಹೋಗುತ್ತದೆ ಎಂಬುದು ಅಲ್ಲಿದ್ದ ನಾಲ್ವರಿಗೂ ಗೊತ್ತಿತ್ತು. ಉಜ್ಜಿದ ಪ್ರೊಸೆಸರನ್ನು ಯಾವ ಕಂಪನಿಯೂ ಗ್ಯಾರಂಟಿಯ ಮೇಲೆ ಹಿಂದಕ್ಕೆ ಪಡೆಯುವುದಿಲ್ಲ. ಇವನದು ಹಳೆಯ ಮಾಲಾದ್ದರಿಂದ ಆ ಗ್ಯಾರಂಟಿ ಮೊದಲೇ ಇರಲಿಲ್ಲ. ಅಕ್ಕ ಬಾಗಿಲಲ್ಲಿ ನಿಂತು ಒಂದು ಮಾತೂ ಆಡಲಿಲ್ಲ. ಚೀಟಿ ಅವಳದು.

ಮೂರನೆಯ ಕಲ್ಲು ಯಾವುದೆಂಬ ಪ್ರಶ್ನೆ ಬಂದಿತು. ಅಡಿಗೆ ಮನೆಯ ಕಡಪ ಕಲ್ಲಿನ ಮೇಲೆ ಸ್ಟೀಲಿನ ಅಳತೆಪಟ್ಟಿ ಇಟ್ಟು ನೋಡಿದರೆ ಅದರಡಿ ಬೆಳಕು ನುಸುಳಿತು. ಚಾಮರಾಜನಗರದ ಕಡೆಯ ಕರಿಕಲ್ಲು ಹೊರದೇಶಗಳಿಗೂ ಹೋಗುವಂಥದು. ಅಂಥ ಕರಿಕಲ್ಲನ್ನೇ ನುಣುಪು ಮಾಡಿ ಕಾರ್ಖಾನೆಗಳಲ್ಲಿ ಅಳತೆಯ ಪೀಠವಾಗಿ ಇಡುತ್ತಾರೆ, ಅದು ತುಕ್ಕು ಹಿಡಿಯುವುದಿಲ್ಲ, ಬಿಸಿಲಿಗೆ ಹೆಚ್ಚು ಹಿಗ್ಗುವುದೂ ಇಲ್ಲ ಎಂದು ಯಜಮಾನರು ಹೇಳಿದರು. ಆದರೆ ಅಂಥ ಪೀಠ ಅಂಗಡಿಯಲ್ಲಿ ಎಲ್ಲಿಂದ ಬರಬೇಕು? ಕಡೆಗೆ ನಂಜನಗೂಡಿನಿಂದ 10 ಮಿಲಿಮೀಟರ್ ದಪ್ಪದ ಗಾಜಿನ ತುಂಡು ಬಂದಿತು. ಈ ಗಾಜನ್ನು ಕರಗಿದ ತವರದ ಮೇಲೆ ತೇಲಿಸಿ ಮಾಡುತ್ತಾರೆ. ಇಂಗ್ಲೆಂಡಿನ ಪಿಲ್ಕಿಂಗ್‌ಟನ್ ಕಂಪನಿ 1959ರಲ್ಲಿ ಲೋಕಕ್ಕೆ ತಿಳಿಸಿದ ವಿಧಾನ. ಕೆರೆಯ ನೀರಿನ ಮಟ್ಟವನ್ನೇ ಹೆಪ್ಪುಗಟ್ಟಿಸಿ ಅಂಗಡಿಯಲ್ಲಿ ಮಾರುವಂತಾಯಿತು.

ಗಾಜನ್ನು ಒದ್ದೆ ಮಾಡಿ, ಕಾರಿಗೆ ಬಣ್ಣ ಹೊಡೆಯುವವರು ಬಳಸುವ ವಾಟರ್ ಪೇಪರನ್ನು ಅದರ ಮೇಲೆ ಅಂಟಿಸಿದರು. ಮೊದಲು 400ನೆಯ ನಂಬರು, ಆಮೇಲೆ 800, 1000, 1500, ಕಡೆಗೆ 2000. ನಂಬರು ಏರಿದಂತೆ ಕಣ ಸಣ್ಣದಾಗುತ್ತದೆ: 400ರಲ್ಲಿ ಸುಮಾರು 35 ಮೈಕ್ರಾನ್ ಇದ್ದದ್ದು 2000ಕ್ಕೆ ಬರುವಾಗ 10. ಪ್ರೊಸೆಸರಿನ ಕೆಳಮೈಗೆ ನೀರೂ ತಾಮ್ರದ ಪುಡಿಯೂ ತಾಗಿದರೆ ವಿದ್ಯುತ್ತು ದಾರಿ ತಪ್ಪೀತೆಂದು ಅದನ್ನು ಟೇಪಿನಿಂದ ಬಿಗಿಯಾಗಿ ಮುಚ್ಚಿದರು. ಸಾಬೂನು ನೀರಿನ ಒಂದು ಹನಿ. ಬಿಲ್ಲೆಯನ್ನು ಅದುಮದೆ, ಅದರದೇ ಭಾರದಲ್ಲಿ, ಎಂಟರ ಆಕಾರದಲ್ಲಿ ಎಳೆಯುವುದು. ಹತ್ತು ಸುತ್ತಿಗೊಮ್ಮೆ ಕಾಲು ತಿರುವು ತಿರುಗಿಸುವುದು. ಕೈ ತುಸು ಓಲಾಡಿದರೂ ಅಂಚು ಸವೆದು ಬೆನ್ನು ಉಬ್ಬುತ್ತದೆ. ಇದ್ದ ಹಳ್ಳದ ಬದಲು ದಿಣ್ಣೆ.

ಮೊದಲು ಮುಚ್ಚಳದ ಮೇಲಿದ್ದ ಅಕ್ಷರಗಳು ಹೋದವು. ಕಂಪನಿಯ ಹೆಸರು, ನಂಬರು, ಹುಟ್ಟಿದ ದೇಶ, ಒಂದೊಂದೇ ಮಾಸಿದವು. ಆಮೇಲೆ ನಾಲ್ಕು ಮೂಲೆಗಳಲ್ಲಿ ಕೆಂಪು ಕಂಡಿತು. ಕಲಾಯಿ ಹೋದ ತಾಮ್ರದ ಪಾತ್ರೆಯನ್ನು ನೋಡಿದವರಿಗೆ ಈ ಕೆಂಪು ಗೊತ್ತು. ನಿಕ್ಕಲ್ಲಿನ ಬಿಳುಪು ಎಲ್ಲಿ ಮೊದಲು ಹರಿಯಿತೋ ಅದೇ ಎತ್ತರದ ಜಾಗ. ಬಿಳುಪು ಎಲ್ಲಿ ಉಳಿಯಿತೋ ಅದೇ ಹಳ್ಳ. ಕೆಂಪು ಮೂಲೆಗಳಿಂದ ಒಳಕ್ಕೆ ಹರಿದು ಬಂದಿತು. ನಡುವೆ ಬಿಳಿಯ ದ್ವೀಪವೊಂದು ಕುಗ್ಗುತ್ತ ಕುಗ್ಗುತ್ತ, ಎರಡು ಗಂಟೆಗಳ ಮೇಲೆ ಇಲ್ಲವಾಯಿತು. ಬ್ಲೇಡಿನಡಿ ಎಲ್ಲಿಯೂ ಬೆಳಕಿಲ್ಲ. ಹುಡುಗನಿಗೆ ಇನ್ನೂ ಉಜ್ಜಿ ಕನ್ನಡಿ ಮಾಡುವ ಆಸೆ. ಯಜಮಾನರು ಬೇಡವೆಂದರು. “ಹೊಳಪು ಬೇರೆ, ಮಟ್ಟ ಬೇರೆ. ಸ್ಟೀಲ್ ಚಮಚ ಹೊಳೀತದೆ, ಅದ್ರಲ್ಲಿ ಮುಖ ನೋಡ್ಕೊಂಡಿದ್ದೀಯಾ?”

ಕೂಲರಿನ ತಳವನ್ನೂ ಅದೇ ಗಾಜಿನ ಮೇಲೆ ಉಜ್ಜಿದರು. ಅದು ಉಬ್ಬಿದ್ದರೆ ಪ್ರೊಸೆಸರನ್ನು ಮಾತ್ರ ಮಟ್ಟ ಮಾಡಿ ಪ್ರಯೋಜನವಿರಲಿಲ್ಲ. ಒಂದನ್ನೊಂದು ಮುಟ್ಟದೆಯೇ, ಮೂರನೆಯದೊಂದಕ್ಕೆ ನಡೆದುಕೊಂಡು, ಎರಡೂ ಒಂದಕ್ಕೊಂದು ತಕ್ಕುವಾದವು.

ಈ ಕೆಲಸವನ್ನು ಹುಡುಗಾಟವೆಂದು ತಳ್ಳಿಹಾಕುವವರು ಒಂದು ಮಾತನ್ನು ಗಮನಿಸಬೇಕು. ಆ ಮುಚ್ಚಳದ ಕೆಳಗಿರುವ ಚಿಪ್ಪು ಹುಟ್ಟಿದ್ದೂ ತೇಯುವುದರಿಂದಲೇ. ಸಿಲಿಕಾನ್ ಹರಳನ್ನು ಬಿಲ್ಲೆಗಳಾಗಿ ಸೀಳಿ, ತೇಯ್ದು, ನುಣುಪು ಮಾಡಿದ ಮೇಲೆಯೇ ಅದರ ಮೇಲೆ ಮಂಡಲಗಳನ್ನು ಮೂಡಿಸುವುದು. ಪದರದ ಮೇಲೆ ಪದರ ಬರುವಾಗ ನಡುನಡುವೆ ಮತ್ತೆ ತೇಯ್ದು ಮಟ್ಟ ಮಾಡುವ ವಿಧಾನವನ್ನು 1980ರ ದಶಕದಲ್ಲಿ ಐ.ಬಿ.ಎಂ. ಸಂಸ್ಥೆ ರೂಢಿಗೆ ತಂದಿತು. ಚಿಕ್ಕಯ್ಯನಛತ್ರಕ್ಕೆ ಇದೆಲ್ಲ ದೂರದ ಲೋಕವೂ ಅಲ್ಲ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಎ.ಟಿ. ಅಂಡ್ ಎಸ್. ಎಂಬ ಆಸ್ಟ್ರಿಯದ ಕಂಪನಿಯ ಕಾರ್ಖಾನೆ ಇಂಥ ಯಂತ್ರಗಳಿಗೆ ಬೇಕಾದ ಸರ್ಕಿಟ್ ಬೋರ್ಡುಗಳನ್ನು ಮಾಡುತ್ತದೆ. ಅಲ್ಲಿ ಗಾಜಿನ ಗೋಡೆಯ ಒಳಗೆ ನಡೆಯುವುದು ಇಲ್ಲಿ ಶೀಟಿನ ಸೂರಿನ ಕೆಳಗೆ, ಒಂದು ಬೋಗುಣಿ ನೀರಿನೊಡನೆ ನಡೆಯಿತು.

ರಾತ್ರಿ ಹತ್ತು ಗಂಟೆಗೆ ಯಂತ್ರವನ್ನು ಜೋಡಿಸಿ ಗುಂಡಿ ಒತ್ತಿದಾಗ ಒಂದು ಕ್ಷಣ ಪರದೆ ಕಪ್ಪಾಗಿಯೇ ಇದ್ದಿತು. ಆ ಒಂದು ಕ್ಷಣದಲ್ಲಿ ಅಕ್ಕ ಯಾವ ದೇವರಿಗೆ ಏನು ಹರಸಿಕೊಂಡಳೋ! ಆಮೇಲೆ ಬೆಳಕು ಬಂದಿತು. ಅದೇ ಚಿತ್ರ, ಅದೇ ಹೊತ್ತು, ಕೋಣೆಯ ಶಾಖವೂ ಅಷ್ಟೆ: 83 ಡಿಗ್ರಿ.

ಲೆಕ್ಕ ಬರೆದಿಟ್ಟ ಕಾಗದ ನನ್ನ ಮುಂದಿದೆ. ಒಟ್ಟು ಇಳಿದದ್ದು 13; ಅದರಲ್ಲಿ 9 ಧೂಳು ಒರೆಸಿದ್ದರಿಂದ, ಪೇಸ್ಟು ಬದಲಿಸಿದ್ದರಿಂದ; ಎರಡು ಗಂಟೆ ಉಸಿರು ಬಿಗಿಹಿಡಿದು ಉಜ್ಜಿದ್ದಕ್ಕೆ 4. ಎಲ್ಲವನ್ನೂ ಒಂದೇ ದಿನ ಮಾಡಿದ್ದರೆ ಹದಿಮೂರೂ ಉಪ್ಪುಕಾಗದದ ಖಾತೆಗೆ ಹೋಗುತ್ತಿದ್ದವು. ಹುಡುಗ ಊರೆಲ್ಲ ಅದೇ ಹೇಳಿಕೊಂಡು ತಿರುಗುತ್ತಿದ್ದ. ಆದರೆ ಆ ನಾಲ್ಕೂ ವ್ಯರ್ಥವಲ್ಲ. ಮೇ ತಿಂಗಳಲ್ಲಿ ಕೋಣೆಯ ಶಾಖ ಐದಾರು ಡಿಗ್ರಿ ಏರಿದ ರಾತ್ರಿಗಳಲ್ಲಿಯೂ ಯಂತ್ರ ಕುಂಟಲಿಲ್ಲ. ಒಪ್ಪಿಕೊಂಡ ಹನ್ನೊಂದು ಮದುವೆಗಳೂ ಹೇಳಿದ ದಿನಕ್ಕೆ ಗಿರಾಕಿಗಳ ಕೈ ಸೇರಿದವು. ಅವುಗಳಲ್ಲೊಂದನ್ನು ಮದುವೆಗೆ ಬರಲಾಗದೆ ಮಲಗಿದ್ದ ಅಜ್ಜಿಯೊಬ್ಬರು ಹಾಸಿಗೆಯಲ್ಲೇ ಎರಡು ಸಲ ನೋಡಿದರಂತೆ.

ಇಷ್ಟಾದ ಮೇಲೆ ಒಂದು ಬೆಳಗ್ಗೆ ಅಕ್ಕ ಸಾಣೆಕಲ್ಲನ್ನು ಎತ್ತಿಕೊಂಡು ಅಂಗಡಿಗೇ ಬಂದಳು. “ಗಾಜು ಹೇಗೂ ಇದೆಯಲ್ಲ, ಇದನ್ನೂ ಸ್ವಲ್ಪ ಮಟ್ಟ ಮಾಡಿಕೊಡೋ” ಎಂದಳು ಮಗನಿಗೆ.

ಯಜಮಾನರು ಪೇಪರಿನಿಂದ ತಲೆ ಎತ್ತಿದರು. “ಬೇಡ ಕನವ್ವ. ಅದು ಹಳ್ಳ ಇರಬೇಕು. ಮಟ್ಟ ಮಾಡಿದ್ರೆ ಗಂಧ ನಿಲ್ಲೋದೆಲ್ಲಿ?”